ಅಮ್ಮನ ಕಂಪ್ಯೂಟರ್ ಮತ್ತು ಶನಿವಾರದ ಆಂಟಿ

ಪರದೇಶದ ಪೊವೇ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಕಂಪ್ಯೂಟರಿಗೆ ಅಂತ ಬೇರೆ ಕೋಣೆ ಇರಲಿಲ್ಲ. ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಗೋಡೆ ಸ್ವಲ್ಪ ಒಳಕ್ಕೆ ಸರಿದು ಒಂದು ಮೂಲೆಯಾಗಿತ್ತು. ಆ ಮೂಲೆಯಲ್ಲಿ ಮೇಲೆ ಅಮ್ಮನ ದೇವರ ಶೆಲ್ಫು, ಕೆಳಗೆ ಕಂಪ್ಯೂಟರ್ ಮೇಜು. ಮಾನಿಟರಿಗೆ ಅಮ್ಮ ತನ್ನ ಹಳೇ ಸೀರೆಯ ಸೆರಗು ಕತ್ತರಿಸಿ ಒಂದು ಗವಸು ಹೊಲಿದು ಹಾಕಿದ್ದಳು. ಬೆಳಿಗ್ಗೆ ಊದುಬತ್ತಿಯ ಹೊಗೆ, ಮಧ್ಯಾಹ್ನ ಒಗ್ಗರಣೆಯ ಹೊಗೆ, ಎರಡೂ ಅದನ್ನು ಸವರಿಕೊಂಡೇ ಕಿಟಕಿಯ ಕಡೆ ಹೋಗುತ್ತಿದ್ದವು. ಮೆಣಸಿನಕಾಯಿ ಸ್ವಲ್ಪ ಹೆಚ್ಚು ಹುರಿದರೆ ಚಾವಣಿಯ ಹೊಗೆ ಅಲಾರಂ ಕೂಗಿಕೊಳ್ಳುತ್ತಿತ್ತು. ಅಪ್ಪ ಟವೆಲ್ ತಂದು ಅದರ ಕೆಳಗೆ ನಿಂತು ಬೀಸುತ್ತಿದ್ದರು. ಮನೆಯಲ್ಲಿ ಅಪ್ಪ ಕೈಹಾಕುತ್ತಿದ್ದ ಯಂತ್ರ ಅದೊಂದೇ. ಅವರು ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದರೂ ಮನೆಯ ಕಂಪ್ಯೂಟರಿನ ಹತ್ತಿರ ಸುಳಿಯುತ್ತಿರಲಿಲ್ಲ.

“ದಿನವಿಡೀ ಆಫೀಸಲ್ಲಿ ಅದರ ಮುಖಾನೇ ನೋಡಿ ಬಂದಿರ್ತೀನಿ. ಮನೇಲಾದ್ರೂ ನಿಮ್ಮ ಮುಖ ನೋಡಕ್ಕೆ ಬಿಡಿ.”

ಹಾಗಂದು ಟೀವಿಯ ಮುಖ ನೋಡುತ್ತ ಕೂರುತ್ತಿದ್ದರು. ಹೀಗಾಗಿ ಆ ಮೂಲೆಯ ಕುರ್ಚಿ ನನ್ನದಾಯಿತು. ಅಮ್ಮ ಬೆಂಗಳೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದವಳು. ಇಲ್ಲಿ ಅವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಕಾರು ಕಲಿತಿದ್ದಳು, ಆದರೆ ಫ್ರೀವೇ ಅನ್ನುವ ಹೆದ್ದಾರಿಗೆ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ಆಫೀಸಿಗೆ, ನಾನು ಸ್ಕೂಲಿಗೆ ಹೋದ ಮೇಲೆ ಅವಳು ಮನೆಯಲ್ಲಿ ಒಬ್ಬಳೇ. ಬೆಂಗಳೂರಲ್ಲಿದ್ದ ಅವಳ ಅಕ್ಕ, ನನ್ನ ಪದ್ಮಾ ದೊಡ್ಡಮ್ಮನಿಗೆ ವಾರಕ್ಕೊಂದು ಈಮೇಲ್ ಹೋಗುತ್ತಿತ್ತು. ಅಮ್ಮ ಹುರುಳಿಕಾಯಿ ಹೆಚ್ಚುತ್ತ ಹೇಳುವುದು, ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವುದು.

“ಪದ್ದಕ್ಕಾ, ನಾವೆಲ್ಲ ಆರಾಮ. ನೀವೆಲ್ಲ ಆರಾಮ ಅಂದ್ಕೊಂಡಿದ್ದೀನಿ. ಇಲ್ಲಿ ಬಿಸಿಲು ಜೋರು. ಅನು ಚೆನ್ನಾಗಿ ಓದ್ತಿದ್ದಾಳೆ…”

ಅಲ್ಲಿಗೆ ಅವಳ ಕೈಯ ಚಾಕು ನಿಲ್ಲುತ್ತಿತ್ತು. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ.

“ಅಷ್ಟೇ. ಇನ್ನೇನಿಲ್ಲ. ಕಳಿಸು.”

ಅಮ್ಮ ತನ್ನ ಅಕ್ಕನಿಗೆ ಹೇಳುವ ಪ್ರತಿ ಮಾತೂ ನನ್ನ ಬೆರಳಿನಿಂದಲೇ ಹೋಗಬೇಕು ಅನ್ನುವುದು ನನಗೆ ಎಷ್ಟು ಹೆಮ್ಮೆಯ ವಿಷಯವಾಗಿತ್ತು ಅಂದರೆ, ಸ್ಕೂಲಿನಲ್ಲಿ ಯಾವ ಬಹುಮಾನ ಬಂದರೂ ಅದರ ಮುಂದೆ ಸಪ್ಪೆ. ಒಮ್ಮೊಮ್ಮೆ ಅವಳೇ ಬಂದು ಕುರ್ಚಿಯಲ್ಲಿ ಕೂತು ಮೌಸ್ ಹಿಡಿಯುತ್ತಿದ್ದಳು. ಬಾಣದ ಗುರುತು ಎಲ್ಲೋ ಹೋಗಿ ಎಲ್ಲೋ ನಿಲ್ಲುತ್ತಿತ್ತು. “ಅಲ್ಲಲ್ಲ, ಬಿಡಮ್ಮ, ನಾನು ಮಾಡ್ತೀನಿ” ಅನ್ನುತ್ತಿದ್ದೆ. ಅವಳು ಎದ್ದು ಸೀರೆಗೆ ಕೈ ಒರೆಸಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದಳು.

ಕಂಪ್ಯೂಟರ್ ಮಾತ್ರ ದಿನದಿನಕ್ಕೆ ನಿಧಾನವಾಗುತ್ತ ಬಂತು. ಸ್ವಿಚ್ ಒತ್ತಿ ಹೋಗಿ ಟೀಗೆ ನೀರಿಟ್ಟು, ಟೀ ಸೋಸಿ, ಕುಡಿದು ಬಂದರೂ ಪರದೆಯ ಮೇಲೆ ಮರಳುಗಡಿಯಾರ ತಿರುಗುತ್ತಲೇ ಇರುತ್ತಿತ್ತು. ಒಂದು ಕಿಟಕಿ ಮುಚ್ಚಿದರೆ ನೀವು ಬಹುಮಾನ ಗೆದ್ದಿದ್ದೀರಿ ಅನ್ನುವ ಜಾಹೀರಾತು ಮೂರು ಕಡೆಯಿಂದ ಚಿಮ್ಮುತ್ತಿತ್ತು. ಒಳಗಿನ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿತ್ತು. ದೊಡ್ಡಮ್ಮನ ಮಗ ಅಲ್ಲಿ ವೆಬ್‌ಕ್ಯಾಮ್ ಹಾಕಿಸಿದ ಮೇಲೆ ಒಂದು ಭಾನುವಾರ ಅಕ್ಕತಂಗಿ ಮುಖ ನೋಡಿಕೊಂಡು ಮಾತಾಡುವುದು ಅಂತಾಯಿತು. ಅಮ್ಮ ಮೈಸೂರು ಸಿಲ್ಕ್ ಉಟ್ಟು, ಹೂವಿಲ್ಲದ್ದಕ್ಕೆ ಪೇಚಾಡಿಕೊಂಡು ಕೂತಳು. ದೊಡ್ಡಮ್ಮನ ಮುಖ ಒಂದು ಸಲ ಮೂಡಿತು, ಬಾಯಿ ಅರ್ಧ ತೆರೆದಿದ್ದ ಹಾಗೇ ನಿಂತುಹೋಯಿತು. ಅಮ್ಮ ತುಂಬಾ ಹೊತ್ತು ಆ ತೆರೆದ ಬಾಯಿಯನ್ನೇ ನೋಡುತ್ತ ಕೂತಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ, ಒಂದೂವರೆ ಗಂಟೆ ದಾರಿಯ ಊರಾದ ಡೈಮಂಡ್ ಬಾರ್‌ನ ಒಂದು ಸ್ಕೂಲ್ ಹಾಲಿನಲ್ಲಿ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದರು. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು ಅಮ್ಮ ಪಕ್ಕದವರ ಹತ್ತಿರ ಅದೇ ಸಂಕಟ ಹೇಳಿಕೊಳ್ಳುತ್ತಿದ್ದಳು. ಮುಂದೆ ನಿಂತಿದ್ದ ಒಬ್ಬ ಹೆಂಗಸು ತಿರುಗಿದರು. ತಲೆಯ ಮೇಲೆ ತಿಳಿಹಸಿರು ದುಪಟ್ಟಾ, ಕೈಯಲ್ಲಿ ಪೇಪರ್ ತಟ್ಟೆ.

“ಎಷ್ಟು ವರ್ಷ ಆಯ್ತು?”

“ಹನ್ನೆರಡು ತುಂಬ್ತು,” ಅಂದಳು ಅಮ್ಮ ನನ್ನ ಕಡೆ ತಿರುಗಿ.

“ಅಯ್ಯೋ, ಮಗಳಿಗಲ್ಲ ರೀ, ಕಂಪ್ಯೂಟರಿಗೆ!”

ಇಬ್ಬರೂ ತಟ್ಟೆ ಅಲುಗಾಡುವಷ್ಟು ನಕ್ಕರು. ಅವರೇ ಶಾಹೀನ್ ಆಂಟಿ. ಮೈಸೂರಿನವರು, ಮನೆ ಡೈಮಂಡ್ ಬಾರ್‌ನಲ್ಲಿ. ಕಲ್ವರ್ ಸಿಟಿಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ. ಗಂಡ ರಫೀಕ್ ಅಂಕಲ್‌ಗೆ ಟೈಲ್ಸ್ ವ್ಯಾಪಾರ, ಗೋಡೌನ್ ಇದ್ದದ್ದು ನಮ್ಮ ಪೊವೇಯಲ್ಲೇ. ಶನಿವಾರ ಅಂಕಲ್ ಸ್ಟಾಕ್ ನೋಡಲು ಬರುವಾಗ ತಾವೂ ಜೊತೆಗೆ ಬಂದು ನಮ್ಮ ಕಂಪ್ಯೂಟರ್ ನೋಡುವುದಾಗಿ ಆಂಟಿ ಹೇಳಿದರು. ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಅವರ ವಿಷಯವೇ ಮಾತಾಡಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಕಂಪ್ಯೂಟರ್ ನನ್ನದು, ಅದನ್ನು ನೋಡಲು ಇವರು ಯಾರು?

ಅವರು ಬಂದದ್ದು ಒಂದು ಚಿಕ್ಕ ಸ್ಕ್ರೂಡ್ರೈವರ್, ಧೂಳು ಊದಿ ತೆಗೆಯಲು ಗಾಳಿ ತುಂಬಿದ ಒಂದು ಡಬ್ಬಿ ಮತ್ತು ಒಂದು ಟಿಫಿನ್ ಕ್ಯಾರಿಯರ್ ಶ್ಯಾವಿಗೆ ಪಾಯಸದ ಜೊತೆ. ಸಿಪಿಯು ಡಬ್ಬವನ್ನು ಹಿತ್ತಿಲಿಗೆ ತಂದು, ಪೇಪರ್ ಹಾಸಿ ಮಲಗಿಸಿ, ಅದರ ಪಕ್ಕದ ತಗಡು ಬಿಚ್ಚಿದರು.

“ವತ್ಸಲಾ ಅವರೇ, ಬನ್ನಿ ಇಲ್ಲಿ. ಇದು ಕಂಪ್ಯೂಟರೋ, ನಿಮ್ಮನೆ ಚಿಮಣಿನೋ?”

ಫ್ಯಾನಿನ ರೆಕ್ಕೆಗಳ ಮೇಲೆ ಬೆಕ್ಕಿನ ತುಪ್ಪಳದಷ್ಟು ದಪ್ಪ ಧೂಳು, ಅದೂ ಎಣ್ಣೆಯಲ್ಲಿ ಅದ್ದಿದ ಹಾಗೆ ಜಿಡ್ಡು. ಆಂಟಿ ಬಗ್ಗಿ ಮೂಸಿದರು.

“ಇಂಗು!”

ಅಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಎಷ್ಟೋ ತಮಾಷೆ ಮಾಡಿದ್ದೆ, ಸ್ಕೂಲಿನ ಟೀಚರ್‌ಗಳ ಹಾಗೆ ನಟಿಸಿ ತೋರಿಸಿದ್ದೆ. ಅದಕ್ಕೆಲ್ಲ ಅಮ್ಮ “ಸಾಕು ಸುಮ್ನಿರು” ಅಂತ ಮುಗುಳ್ನಗುತ್ತಿದ್ದಳು, ಅಷ್ಟೇ. ಈ ನಗು ಅವಳ ಹತ್ತಿರ ಇತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅದನ್ನು ಒಂದು ಮಾತಿನಲ್ಲಿ ಹೊರಗೆ ತೆಗೆದ ಹೆಂಗಸನ್ನು ನಾನು ಮನಸಾರೆ ದ್ವೇಷಿಸಿದೆ. ಆಂಟಿ ಒಂದು ಬ್ರಷ್ ತೆಗೆದು ಅಮ್ಮನ ಕಡೆ ಚಾಚಿದರು.

“ನೀವೇ ತೆಗೀರಿ. ಮೆತ್ತಗೆ.”

“ಅಮ್ಮಂಗೆ ಬರಲ್ಲ ಆಂಟಿ. ನಾನು ಮಾಡ್ತೀನಿ,” ಅಂದೆ.

“ಬರಲ್ಲ ಅಂತ ಯಾರು ಹೇಳಿದ್ದು?”

ಆಂಟಿ ಗದರಿ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದರು. ಅಮ್ಮ ನನ್ನನ್ನೊಮ್ಮೆ ನೋಡಿ ಬ್ರಷ್ ತೆಗೆದುಕೊಂಡಳು.

ಮುಂದಿನ ಶನಿವಾರ ಒಳಗಿನ ಕಸ. ತನ್ನಷ್ಟಕ್ಕೆ ತೆರೆದುಕೊಳ್ಳುವ ಒಂದೊಂದು ಪ್ರೋಗ್ರಾಮನ್ನೂ ತೋರಿಸಿ ಆಂಟಿ ಇದು ಯಾರದು, ಬೇಕಾ ಅಂತ ಕೇಳುತ್ತಿದ್ದರು. ನಗುವ ಮುಖಗಳು, ಮಿನುಗುವ ಬಾಣಗಳು, ಪರದೆಯ ಮೇಲೆ ಓಡಾಡುವ ನಾಯಿಮರಿ, ಎಲ್ಲ ನಾನೇ ಪುಕ್ಕಟೆ ಸಿಕ್ಕಿತು ಅಂತ ಇಳಿಸಿಕೊಂಡದ್ದು. ಆಂಟಿ ಹೇಳಿದಂತೆ ಅಮ್ಮ ಒಂದೊಂದನ್ನೇ ತೆಗೆಯುತ್ತ ಬಂದಳು. ಕೊನೆಯಲ್ಲಿ ಡಿಫ್ರಾಗ್ ಹಾಕಿದರು. ಪರದೆಯ ತುಂಬ ನೀಲಿ, ಕೆಂಪು, ಬಿಳಿ ಗೆರೆಗಳು ಚದುರಿದ್ದವು. ಫೈಲುಗಳು ತುಂಡುತುಂಡಾಗಿ ಬಿದ್ದಿರುತ್ತವೆ, ಅದನ್ನು ಒಂದು ಕಡೆ ಸೇರಿಸುತ್ತದೆ ಅಂತ ಆಂಟಿ ಹೇಳುತ್ತಿದ್ದ ಹಾಗೆ ಅಮ್ಮ ನೆಟ್ಟಗೆ ಕೂತಳು.

“ಗೊತ್ತಾಯ್ತು. ಪರೀಕ್ಷೇಲಿ ಒಬ್ಬಳ ಅಡಿಷನಲ್ ಶೀಟ್‌ಗಳು ಇಡೀ ಕ್ಲಾಸಿನ ಪೇಪರ್ ಒಳಗೆ ಕಳೆದುಹೋದ ಹಾಗೆ. ಒಂದೊಂದು ಉತ್ತರಕ್ಕೂ ಹುಡುಕ್ತಾ ಕೂತ್ರೆ ತಿದ್ದೋದು ಯಾವಾಗ? ಎಲ್ಲ ಜೋಡಿಸಿ ದಾರ ಕಟ್ಟಿಟ್ರೆ ಸರಸರ ತಿದ್ದಬಹುದು.”

“ಹೌದು ಮೇಡಂ!” ಅಂದರು ಆಂಟಿ.

ಮೇಡಂ ಅನ್ನಿಸಿಕೊಂಡ ಅಮ್ಮನ ಮುಖವನ್ನು ನಾನು ಮರೆತಿಲ್ಲ. ಬೆಂಗಳೂರಿನ ಬೀದಿಯಲ್ಲಿ ಅವಳ ಕೈ ಹಿಡಿದು ಹೋಗುವಾಗ ದೊಡ್ಡ ಹುಡುಗಿಯರು ಸೈಕಲ್ ಇಳಿದು ನಮಸ್ತೆ ಮೇಡಂ ಅನ್ನುತ್ತಿದ್ದಾಗ ಇದ್ದ ಮುಖ ಅದು. ಅದು ಯಾವಾಗ ಹೋಯಿತು ಅಂತ ನಾನು ಗಮನಿಸಿರಲಿಲ್ಲ. ವಾಪಸ್ ಬಂದಾಗ ಗಮನಿಸಿದೆ, ಏಕೆಂದರೆ ತಂದುಕೊಟ್ಟವಳು ನಾನಾಗಿರಲಿಲ್ಲ.

ಕಂಪ್ಯೂಟರ್ ಸರಿಹೋಯಿತು. ಹಾಗಾದರೆ ಇನ್ನು ಅವರು ಬರುವುದಿಲ್ಲ ಅಂದುಕೊಂಡೆ. ಆದರೆ ಶನಿವಾರದ ಬರುವಿಕೆ ನಿಲ್ಲಲಿಲ್ಲ. ರಫೀಕ್ ಅಂಕಲ್‌ರ ವ್ಯಾನ್ ಬಾಗಿಲಲ್ಲಿ ಆಂಟಿಯನ್ನು ಇಳಿಸಿ ಹೋಗುತ್ತಿತ್ತು. ಅಮ್ಮ ಬೆಳಿಗ್ಗೆಯಿಂದಲೇ ಸಬ್ಬಸಿಗೆ ಸೊಪ್ಪು ಹೆಚ್ಚಿ ಅಕ್ಕಿರೊಟ್ಟಿಗೆ ಕಲಸುತ್ತಿದ್ದಳು. ಮೊದಲ ರೊಟ್ಟಿ, ಅಂಚು ಕಂದಿ ಗರಿಗರಿಯಾದದ್ದು, ನಾನು ಹಲ್ಲು ಬಂದಾಗಿನಿಂದ ನನ್ನದು. ಒಂದು ಶನಿವಾರ ಅದು ಕಾವಲಿಯಿಂದ ಎದ್ದು ನನ್ನ ತಟ್ಟೆಯನ್ನು ದಾಟಿ ಆಂಟಿಯ ತಟ್ಟೆಗೆ ಹೋಯಿತು. ಅಮ್ಮನಿಗೆ ಅದು ಗೊತ್ತಾಗಲೂ ಇಲ್ಲ. ನನಗೆ ಬಂದ ಎರಡನೆಯದನ್ನು ಹಾಗೇ ಬಿಟ್ಟು ಎದ್ದೆ. ಅದೂ ಅವಳಿಗೆ ಗೊತ್ತಾಗಲಿಲ್ಲ. ಮೊದಮೊದಲು “ಶಾಹೀನ್ ಅವರೇ, ತಗೊಳ್ಳಿ” ಅನ್ನುತ್ತಿದ್ದ ಅಮ್ಮ ಬೇಸಿಗೆಯ ಹೊತ್ತಿಗೆ “ಶಾಹೀನೂ, ತಗೊಳ್ಳೇ” ಅನ್ನತೊಡಗಿದ್ದಳು. ಆಂಟಿ ಅವಳನ್ನು “ಲೇ ವತ್ಸಲಾ” ಅನ್ನುತ್ತಿದ್ದರು. ಅಮ್ಮನನ್ನು ಲೇ ಅಂತ ಕರೆಯುವವರು ಈ ದೇಶದಲ್ಲಿ ಬೇರೆ ಯಾರೂ ಇರಲಿಲ್ಲ. ಅಪ್ಪನಿಗೆ ಇದೆಲ್ಲ ಖುಷಿ.

“ಏನ್ರೇ, ಮನೇಲಿ ನನಗಿಂತ ದೊಡ್ಡ ಇಂಜಿನಿಯರ್ ರೆಡಿ ಆಗ್ತಿದ್ದಾರೆ!”

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಅದೇ ಮಡಿಯಲ್ಲಿ ಅಮ್ಮ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಊದುಬತ್ತಿ ಈಗ ಹಿತ್ತಿಲ ಬಾಗಿಲಿಗೆ ಹೋಗಿತ್ತು. ವೈರಸ್ ನೋಡುವುದು, ಬೇಡದ್ದನ್ನು ಅಳಿಸುವುದು, ಫೋಟೋಗಳನ್ನು ಸಿಡಿಗೆ ಹಾಕುವುದು, ಎಲ್ಲ ಅವಳೇ. ನನಗೆ ಹೋಮ್‌ವರ್ಕ್ ಇದೆ ಅಂದರೂ ಏಳುತ್ತಿರಲಿಲ್ಲ.

“ಕಾಯಿ. ಇದನ್ನ ಮಧ್ಯದಲ್ಲಿ ನಿಲ್ಲಿಸಬಾರದು.”

“ನನ್ನ ಕಂಪ್ಯೂಟರ್ ಅದು!”

“ನಿಂದು ಅಂತ ಯಾರು ಹೇಳಿದ್ದು?”

ಆಂಟಿಯ ಮಾತು ಅಮ್ಮನ ಬಾಯಲ್ಲಿ ಬಂದಿತ್ತು. ಒಂದು ದಿನ ಸ್ಕೂಲಿನಿಂದ ಬಂದು ನೋಡಿದರೆ, ಮೊದಲ ಪರದೆಯಲ್ಲಿ ಎರಡು ಹೆಸರು. ಅನು ಅಂತ ಒಂದು, ವತ್ಸಲಾ ಅಂತ ಒಂದು. ವತ್ಸಲಾ ಅನ್ನುವುದಕ್ಕೆ ಬೀಗ. ಅದರೊಳಗಿಂದ ಅವಳು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ದೊಡ್ಡಮ್ಮನಿಗೆ ಬರೆಯತೊಡಗಿದ್ದಳು. ಪಾಸ್‌ವರ್ಡ್ ಏನು ಅಂತ ಕೇಳಿದೆ. “ನಿಂಗ್ಯಾಕೆ?” ಅಂದಳು, ಸಿಟ್ಟೇನೂ ಇಲ್ಲದೆ, ಕುಕ್ಕರಿನ ವಿಷಲ್ ಲೆಕ್ಕ ಹಾಕುತ್ತ. ಅವಳು ಅಂಗಡಿಗೆ ಹೋದಾಗ ಕೂತು ನನ್ನ ಹೆಸರು ಹಾಕಿದೆ. ತೆರೆಯಲಿಲ್ಲ. ನನ್ನ ಹುಟ್ಟಿದ ದಿನ ಹಾಕಿದೆ, ನನ್ನನ್ನು ಕೂಸಿದ್ದಾಗ ಕರೆಯುತ್ತಿದ್ದ ಹೆಸರು ಹಾಕಿದೆ. ಬೇರೆ ಏನಾದರೂ ಹಾಕಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅಮ್ಮನ ಬೀಗಕ್ಕೆ ನನ್ನನ್ನು ಬಿಟ್ಟು ಬೇರೆ ಕೀಲಿ ಇರಬಹುದು ಅಂತ ಯೋಚಿಸಿದ್ದೇ ಆವತ್ತು ಮೊದಲು. ಇವತ್ತಿಗೂ ನನ್ನ ಗಂಡ ಪಕ್ಕದ ಕೋಣೆಯಲ್ಲಿ ಫೋನ್ ಹಿಡಿದು ನಕ್ಕರೆ ನನ್ನ ಕೈಯ ಕೆಲಸ ನಿಲ್ಲುತ್ತದೆ. ಅದು ಆ ಮೂಲೆಯಲ್ಲಿ ಕಲಿತದ್ದು.

ಆಂಟಿ ಪರಿಚಯವಾದ ಎರಡನೇ ವರ್ಷದ ಅಕ್ಟೋಬರಿನಲ್ಲಿ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಎದ್ದು ಗುಡ್ಡಗಳಿಗೆ ಬೆಂಕಿ ಬಿತ್ತು. ಬೆಳಿಗ್ಗೆ ಎದ್ದರೆ ಆಕಾಶ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಕಾರಿನ ಮೇಲೆ ಬೂದಿ ಉದುರಿತ್ತು. ಮನೆ ಬಿಟ್ಟು ಹೊರಡಿ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿದ ದನಿ ಹೇಳಿತು. ಅಪ್ಪ ಪಾಸ್‌ಪೋರ್ಟ್ ಫೈಲ್ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಸುಮ್ಮನೆ ಓಡಾಡುತ್ತಿದ್ದರು. ಅಮ್ಮ ಮೊದಲು ದೇವರುಗಳನ್ನು ಟವೆಲಿನಲ್ಲಿ ಸುತ್ತಿದಳು. ಆಮೇಲೆ ಮೇಜಿನ ಕೆಳಗೆ ತೂರಿಕೊಂಡು ವೈರುಗಳನ್ನು ಒಂದೊಂದಾಗಿ ಕಳಚಿ, ಸಿಪಿಯು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿ ಸೀಟ್ ಬೆಲ್ಟ್ ಹಾಕಿದಳು.

“ವತ್ಸಲಾ, ಅದ್ಯಾಕೆ ಈಗ?” ಅಂದರು ಅಪ್ಪ.

“ಪದ್ದಕ್ಕನ ಮೇಲ್‌ಗಳೆಲ್ಲ ಅದರಲ್ಲೇ ಇವೆ ರೀ. ನಡೀರಿ, ಡೈಮಂಡ್ ಬಾರ್‌ಗೆ. ಶಾಹೀನ್‌ಗೆ ಹೇಳಿದ್ದೀನಿ.”

ಮೋಟೆಲಿಗೆ ಹೋಗೋಣ ಅಂತ ಅಪ್ಪ ಅಂದದ್ದು ಅವಳ ಕಿವಿಗೆ ಬೀಳಲಿಲ್ಲ. ಫ್ರೀವೇ ತುಂಬ ಕಾರುಗಳು, ಎಲ್ಲದರ ಮೇಲೂ ಹಾಸಿಗೆ, ಸೂಟ್‌ಕೇಸು, ಒಂದರ ಹಿಂದೆ ಕಟ್ಟಿದ ಗಾಡಿಯಲ್ಲಿ ಕುದುರೆ. ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು. ಅಮ್ಮ ಮುಂದಿನ ಸೀಟಿನಿಂದ ತಿರುಗಿದಳು.

“ಸರಿಯಾಗಿದೆಯಾ? ಏನೂ ಆಗಿಲ್ಲ ತಾನೇ?”

ನನ್ನ ಬಗ್ಗೆ ಕೇಳುತ್ತಿದ್ದಾಳೆ ಅಂತ ನಾನು “ಇಲ್ಲಮ್ಮ, ಸ್ವಲ್ಪ ಕಣ್ಣುರಿ” ಅಂದೆ. ಅವಳ ಕಣ್ಣು ಡಬ್ಬದ ಮೇಲಿತ್ತು.

ಆಂಟಿಯ ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಅವರು ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಕಾರಿನಿಂದ ಇಳಿದ ಅಮ್ಮ ಸೀದಾ ಹೋಗಿ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಬೆಳಗಿನಿಂದ ಒಂದು ಹನಿ ಹಾಕದವಳು, ನನ್ನ ಮುಂದೆ ಯಾವತ್ತೂ ಅಳದವಳು. ಆಂಟಿ ಅವಳ ಬೆನ್ನು ಸವರುತ್ತ “ಆಯ್ತು ಕಣೇ, ಆಯ್ತು” ಅನ್ನುತ್ತಿದ್ದರು. ಅಪ್ಪ ಸೂಟ್‌ಕೇಸ್ ಇಳಿಸುವ ನೆಪದಲ್ಲಿ ಆ ಕಡೆ ತಿರುಗಿದರು. ನಾನು ತಿರುಗಲಿಲ್ಲ. ಕಣ್ಣು ಕೀಳದೆ ನೋಡಿದೆ. ಅಳುವುದಕ್ಕೂ ಅವಳಿಗೆ ಇವರೇ ಬೇಕಾಯಿತು.

ಮರುದಿನ ಅವರ ಅತಿಥಿಕೋಣೆಯಲ್ಲಿ ಅಮ್ಮ ಹಾಸಿಗೆಯ ಮೇಲಿನ ಚಾದರ ಕೊಡವಿ ಹಾಸುತ್ತಿದ್ದಳು. ಇನ್ನೊಂದು ತುದಿ ಹಿಡಿ ಅಂದಳು. ನಾನು ಹಿಡಿಯಲಿಲ್ಲ.

“ನಿಂಗೆ ಆಂಟಿ ಇದ್ರೆ ಸಾಕು, ಅಲ್ವಾ? ನಾನು ಯಾಕೆ ಬೇಕು?”

ಅಮ್ಮ ಚಾದರ ಕೈಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಮಂಚದ ತುದಿಯಲ್ಲಿ ಕೂತಳು.

“ಪದ್ದಕ್ಕಂಗೆ ನಿನ್ನ ಕೈಲಿ ಬರೆಸ್ತಿದ್ನಲ್ಲ ಅನೂ, ನಾವೆಲ್ಲ ಆರಾಮ ಅಂತ. ಒಂದು ದಿನಾನೂ ನಾನು ಆರಾಮಾಗಿರಲಿಲ್ಲ. ನೀವಿಬ್ಬರೂ ಹೋದ್ಮೇಲೆ ಆ ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಕೆಲಸ ಬಿಟ್ಟು ಬಂದು ತಪ್ಪು ಮಾಡಿದ್ನೇನೋ, ವಾಪಸ್ ಹೋಗಿಬಿಡ್ಲಾ ಅಂತ ಅಕ್ಕನ್ನ ಕೇಳಬೇಕಿತ್ತು. ಅದನ್ನ ನಿನ್ನ ಕೈಲಿ ಬರೆಸಲಾ? ಎಷ್ಟು ವಯಸ್ಸು ನಿಂಗೆ ಆಗ?”

“ನಂಗೇ ಹೇಳಬಹುದಿತ್ತು.”

“ನೀನು ಮಗಳು ಕಣೇ. ನಿನ್ನ ಮುಂದೆ ನಾನು ಅಮ್ಮ ಆಗಿರಬೇಡವಾ?”

ಸಮಾಧಾನವಾಗಬೇಕಿದ್ದ ಮಾತು. ನನಗೆ ಆಗಲಿಲ್ಲ. ಅವಳು ವಾಪಸ್ ಹೋಗುವ ಯೋಚನೆಯಲ್ಲಿದ್ದಳು ಅನ್ನುವುದು ಬೀಗದ ಹಿಂದಿನ ಈಮೇಲುಗಳಿಂದ ದೊಡ್ಡಮ್ಮನಿಗೆ ಗೊತ್ತಿತ್ತು, ಶನಿವಾರದ ಮಾತುಗಳಿಂದ ಆಂಟಿಗೂ ಗೊತ್ತಿದ್ದಿರಬೇಕು. ಪಕ್ಕದಲ್ಲೇ ಕೂತು ಅವಳ ಮಾತುಗಳನ್ನೆಲ್ಲ ಟೈಪ್ ಮಾಡಿದ ನನಗೆ ಮಾತ್ರ ಗೊತ್ತಿರಲಿಲ್ಲ. ಆದರೂ ಬಗ್ಗಿ ಚಾದರದ ತುದಿ ಹಿಡಿದೆ. ಇಬ್ಬರೂ ಸೇರಿ ಅದನ್ನು ಹಾಸಿದೆವು.

ನಮ್ಮ ಬೀದಿಗೆ ಬೆಂಕಿ ಬರಲಿಲ್ಲ ಅನ್ನುವ ಸುದ್ದಿ ಆವತ್ತು ಮಧ್ಯಾಹ್ನ ಬಂತು. ಬೆಂಗಳೂರಿನಲ್ಲಿ ದೊಡ್ಡಮ್ಮ ಟೀವಿ ನೋಡಿ ಗಾಬರಿಯಾಗಿದ್ದಳಂತೆ. ಮುಖ ನೋಡಿಕೊಂಡೇ ಮಾತಾಡಬೇಕು ಅಂತ ಹಟ. ಸಂಜೆ ಆಂಟಿಯ ಆಫೀಸ್ ಕೋಣೆಯಲ್ಲಿ ಅಮ್ಮ ನಮ್ಮ ಸಿಪಿಯು ಡಬ್ಬವನ್ನು ಅವರ ಮಾನಿಟರಿಗೆ ಸೇರಿಸಿದಳು. ಯಾವ ವೈರು ಎಲ್ಲಿಗೆ ಅಂತ ಯಾರನ್ನೂ ಕೇಳಲಿಲ್ಲ. ಆಂಟಿ ಪಕ್ಕದಲ್ಲಿ ಒಂದು ಸ್ಟೂಲ್ ಎಳೆದುಕೊಂಡು ಕೂತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ. ದೊಡ್ಡಮ್ಮನ ಮುಖ ಮೂಡಿತು. ಬಾಯಿ ಅಲುಗಾಡಿತು, ದನಿ ಬಂತು. ಅಮ್ಮ ಒಂದು ಕ್ಷಣ ಅದನ್ನೇ ನೋಡಿ, ನಮ್ಮ ಕಡೆ ತಿರುಗಿದಳು.

“ಸ್ವಲ್ಪ ಆಚೆ ಇರ್ತೀರಾ? ಅಕ್ಕನ ಹತ್ರ ಮಾತಾಡಬೇಕು.”

ನನಗೆ ಮುಖ ಬಿಸಿಯಾಯಿತು. ಆಮೇಲೆ ನೋಡುತ್ತೇನೆ, ಆಂಟಿಯೂ ಸ್ಟೂಲಿನಿಂದ ಏಳುತ್ತಿದ್ದಾರೆ. ತಮ್ಮ ಮನೆಯ ತಮ್ಮ ಕೋಣೆಯಿಂದ ಹೊರಗೆ ಬಂದು, ಬಾಗಿಲನ್ನು ತಾವೇ ಮೆಲ್ಲಗೆ ಎಳೆದುಕೊಂಡರು. ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಬಿಚ್ಚಿ ಮೇಜಿನ ಮೇಲೆ ಹರವಿ ಬಿಡಿಸಲು ಕೂತರು. ನಾನು ಎದುರಿನ ಕುರ್ಚಿಯಲ್ಲಿ ಕೂತೆ, ಹೋಗಲು ಬೇರೆ ಜಾಗ ಇರಲಿಲ್ಲ. ಒಳಗಿನಿಂದ ಅಮ್ಮನ ದನಿ ಬರುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಆಂಟಿ ಒಂದು ಕಡ್ಡಿಯಿಂದ ಎಲೆ ಕಿತ್ತರು, ಇನ್ನೊಂದು ತೆಗೆದುಕೊಂಡು ಹಾಗೇ ಹಿಡಿದು ಕೂತರು.

“ಅಷ್ಟೊತ್ತು ಏನು ಮಾತಾಡ್ತಾಳಪ್ಪ ಇವಳು?” ಅಂದರು, ನನಗೆ ಅಂತಲ್ಲ, ಬಾಗಿಲಿಗೆ. “ನನ್ನ ಹತ್ರ ಹೇಳದೆ ಇರೋದು ಅದೇನಿರುತ್ತೆ?”

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ ದನಿ. ನಾನು ಕೈ ಚಾಚಿ ಸೊಪ್ಪಿನ ಅರ್ಧ ರಾಶಿಯನ್ನು ನನ್ನ ಕಡೆ ಎಳೆದುಕೊಂಡೆ.

“ಗೊತ್ತಿಲ್ಲ ಆಂಟಿ. ನಂಗೂ ಹೇಳಲ್ಲ.”

ಹಲ್ಲು ಕಚ್ಚದೆ ಅವರ ಹತ್ತಿರ ನಾನು ಆಡಿದ ಮೊದಲ ಮಾತು ಅದು. ಆಂಟಿ ತಲೆಯಾಡಿಸಿ ಎಲೆ ಕೀಳತೊಡಗಿದರು. ಒಳಗೆ ಅಮ್ಮ ಜೋರಾಗಿ ನಕ್ಕಳು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಏಳಲಿಲ್ಲ.